ಗೇಟಿನ ಎದುರು ಚಿಪ್ಸ್ ತಿಂದದ್ದರ ಬಗ್ಗೆ

ಇಂದ,
ಹಿರಿಯ ಗುಮಾಸ್ತ,
ದೂರು ವಿಭಾಗ, ನೆಲಮಹಡಿ (ಮೆಟ್ಟಿಲಿನ ಕೆಳಗಿನ ಕೋಣೆ),
ನೀರು ಸರಬರಾಜು ಕಚೇರಿ.

ಗೆ,
ಮುಖ್ಯ ಅಧಿಕಾರಿಗಳು ಹಾಗೂ
ಪದನಿಮಿತ್ತ ಅಧ್ಯಕ್ಷರು, ನೌಕರರ ತೂಕ ಇಳಿಕೆ ಸಮಿತಿ,
ಇದೇ ಕಚೇರಿ, ಮೇಲಿನ ಮಹಡಿ.

ವಿಷಯ: ‘ಮಾದರಿ ನೌಕರ’ ಎಂಬ ಬಿರುದಿನಿಂದ ಅರ್ಜಿದಾರನನ್ನು ಬಿಡುಗಡೆ ಮಾಡಿ, ಗೋಡೆಯ ಮೇಲಿರುವ ಅವನ ಎರಡೂ ಭಾವಚಿತ್ರಗಳನ್ನು ಇಳಿಸುವ ಬಗ್ಗೆ, ಹಾಗೂ ಕಚೇರಿಯ ಗೇಟಿನ ಎದುರು ಆಲೂಗಡ್ಡೆ ಚಿಪ್ಸ್ ತಿಂದದ್ದಕ್ಕೆ ವಿವರಣೆ ಸಲ್ಲಿಸುವ ಬಗ್ಗೆ.

ಉಲ್ಲೇಖ:
(೧) ‘ಹಗುರ ನೌಕರ, ಚುರುಕು ಕಚೇರಿ’ ಎಂಬ ತಲೆಬರಹದ ತಮ್ಮ ಸುತ್ತೋಲೆ.
(೨) ಅರ್ಜಿದಾರನು ಕೈತೊಳೆಯಲು ಹೋಗಿದ್ದಾಗ ಅವನ ಮೇಜಿನ ಮೇಲೆ ಇಟ್ಟುಹೋದ ತಮ್ಮ ಕಾರಣ ಕೇಳುವ ನೋಟಿಸು.
(೩) ಅರ್ಜಿದಾರನ ಹೆಂಡತಿಯ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನೋಟಿಸಿನಲ್ಲಿ ಹೇಳಿರುವುದು ನಿಜ. ಅರ್ಜಿದಾರನು ಚಿಪ್ಸ್ ತಿಂದಿದ್ದಾನೆ. ‘ಸಾರ್ವಜನಿಕವಾಗಿ, ನಗುನಗುತ್ತಾ’ ತಿಂದಿದ್ದಾನೆ ಎಂದು ತಾವು ಬರೆದಿರುವುದೂ ನಿಜ. ಏಕೆ ತಿಂದನೆಂಬುದನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕಾಗಿದೆ. ಕಚೇರಿ ಪದ್ಧತಿಯಂತೆ ಅರ್ಜಿಯುದ್ದಕ್ಕೂ ಅರ್ಜಿದಾರನನ್ನು ಅರ್ಜಿದಾರನೆಂದೇ ಬರೆಯಲಾಗಿದೆ. ಇದರಿಂದ ಬೇರೆ ಯಾರದೋ ಹೊಟ್ಟೆಯ ಬಗ್ಗೆ ಬರೆದಂತಾಗಿ ಸಂಕೋಚ ಕಡಿಮೆಯಾಗುತ್ತದೆ ಎಂಬ ಅನುಕೂಲವೂ ಇದೆ.

೧. ಅರ್ಜಿದಾರನು ದೂರು ವಿಭಾಗದಲ್ಲಿ ಕುಳಿತೇ ತಲೆ ನರೆಸಿಕೊಂಡವನು. ನಲ್ಲಿಯಲ್ಲಿ ಗಾಳಿ ಬರುತ್ತದೆ, ಬಿಲ್ಲಿನಲ್ಲಿ ಮಾತ್ರ ನೀರು ಬರುತ್ತದೆ ಎಂದು ಕೂಗಾಡಿಕೊಂಡು ಬರುವವರ ಮಾತು ಕೇಳುವುದು ಅವನ ಕೆಲಸ. ಕೇಳುವುದಷ್ಟೇ, ಸರಿಪಡಿಸುವುದು ಬೇರೆ ವಿಭಾಗ. ಇಡೀ ದಿನ ಬೈಸಿಕೊಳ್ಳುವ ಮನುಷ್ಯನ ಕೈಗೆ ಏನಾದರೂ ಆಸರೆ ಬೇಕು. ಆದಕಾರಣ ಮೇಜಿನ ಖಾನೆಯಲ್ಲಿ ಕ್ರೀಮ್ ಬಿಸ್ಕತ್ತಿನ ಪೊಟ್ಟಣವೊಂದು ಸದಾ ಬಾಯಿ ತೆರೆದುಕೊಂಡಿರುತ್ತಿತ್ತು. ಕಿವಿ ದೂರುದಾರರ ಕಡೆ, ಕೈ ಖಾನೆಯ ಕಡೆ. ದೂರು ಮುಗಿಯುವಷ್ಟರಲ್ಲಿ ಪೊಟ್ಟಣವೂ ಮುಗಿದಿರುತ್ತಿತ್ತು. ತಿಂದದ್ದು ಯಾವ ರುಚಿಯ ಬಿಸ್ಕತ್ತೆಂದು ಯಾರಾದರೂ ಕೇಳಿದ್ದರೆ ಅರ್ಜಿದಾರನು ಖಾಲಿ ಪೊಟ್ಟಣ ನೋಡಿ ಹೇಳಬೇಕಾಗುತ್ತಿತ್ತು.

ಮನೆಯಲ್ಲಿ ಹೆಂಡತಿ, ಒಬ್ಬಳೇ ಮಗಳು. ಹೆಂಡತಿ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವಳು. ಮನೆಗೆ ಬಂದವಳೇ ಚಪ್ಪಲಿ ಒಂದು ದಿಕ್ಕಿಗೆ, ಚೀಲ ಒಂದು ದಿಕ್ಕಿಗೆ ಎಸೆದು ಸೋಫಾದ ಮೇಲೆ ಬೀಳುತ್ತಿದ್ದಳು. ಮಗಳು ಹೈಸ್ಕೂಲಿಗೆ ಕಾಲಿಟ್ಟವಳು. ಹುಟ್ಟಿದಾಗ ಅವಳ ಕೆನ್ನೆ ಆಗತಾನೇ ಒಲೆಯಿಂದ ತೆಗೆದ ಬನ್ನಿನಂತಿತ್ತು, ಹಾಗಾಗಿ ಮನೆಯಲ್ಲಿ ಅವಳು ಬನ್ನು. ಸಂಜೆಯಾದರೆ ಮೂವರೂ ಒಂದೇ ಸೋಫಾದಲ್ಲಿ ಒತ್ತರಿಸಿಕೊಂಡು, ಒಂದೇ ಸ್ಟೂಲಿನ ಮೇಲೆ ಕಾಲು ಚಾಚಿ, ಟಿವಿ ನೋಡುತ್ತಾ ದೊಡ್ಡ ಚಿಪ್ಸ್ ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆ ಮನೆಯಲ್ಲಿ ಅದಕ್ಕಿಂತ ಸುಖದ ಹೊತ್ತು ಇರಲಿಲ್ಲ. ಆ ಸುಖದ ಭಾರವೆಲ್ಲ ಅರ್ಜಿದಾರನ ಮೊಣಕಾಲಿನ ಮೇಲೆ ಬಿದ್ದಿತ್ತೆಂಬುದನ್ನೂ ಮುಚ್ಚಿಡುವಂತಿಲ್ಲ. ರಕ್ತದೊತ್ತಡವೂ ಏರಿತ್ತು. ಡಾಕ್ಟ್ರಮ್ಮ ಸ್ಪಷ್ಟವಾಗಿಯೇ ಹೇಳಿದ್ದರು:

“ತೂಕ ಇಳಿಸ್ಬೇಕು. ಅವಸರ ಬೇಡ. ಬಿಸ್ಕತ್ತು, ಚಿಪ್ಸು ಕಮ್ಮಿ ಮಾಡಿ, ಸ್ವಲ್ಪ ನಡೀರಿ, ಊಟ ಸರಿಯಾಗಿ ಮಾಡಿ. ಅಷ್ಟೇ.”

“ಆಗ್ಲಿ ಮೇಡಂ” ಎಂದು ಅರ್ಜಿದಾರನು ಬಂದನು. ದಾರಿಯಲ್ಲಿ ಬೇಕರಿ ಇತ್ತು.

೨. ಹೀಗಿರುವಾಗ ತಾವು ಈ ಕಚೇರಿಗೆ ವರ್ಗವಾಗಿ ಬಂದಿರಿ. ತಾವು ಬೆಳಗ್ಗೆ ಓಡುವವರು, ಸಂಜೆ ಈಜುವವರು, ಲಿಫ್ಟು ಕಂಡರೆ ಮುಖ ತಿರುಗಿಸುವವರು. ಈ ಕಚೇರಿಯಲ್ಲಿ ಕಡತಗಳು ನಿಧಾನವಾಗಿ ಚಲಿಸುವುದಕ್ಕೆ ನೌಕರರ ತೂಕವೇ ಕಾರಣವೆಂದು ತಾವು ಬಂದ ಹೊಸದರಲ್ಲೇ ಕಂಡುಹಿಡಿದಿರಿ. ಆದಕಾರಣ ಹಾಜರಿ ಹಾಕುವ ಮೇಜಿನ ಪಕ್ಕಕ್ಕೆ ತೂಕದ ಯಂತ್ರ ಬಂತು. ಅದರ ಉಸ್ತುವಾರಿ ಉಗ್ರಾಣದ ಗುಮಾಸ್ತರ ಪಾಲಿಗೆ ಬಂತು. ಅಂದಿನಿಂದ ಅವರು ಎಲ್ಲರ ಬಾಯಲ್ಲಿ ತಕ್ಕಡಿಯಣ್ಣ ಆದರು. ತಕ್ಕಡಿಯಣ್ಣನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ದನಿ ದೊಡ್ಡದು. ವಾರದ ಮೊದಲ ದಿನ ಅವರು ಓದಿ ಹೇಳುತ್ತಿದ್ದ ಅಂಕಿ, ಬಿಲ್ಲು ಕಟ್ಟಲು ಸಾಲಿನಲ್ಲಿ ನಿಂತ ಸಾರ್ವಜನಿಕರಿಗೂ ತಲುಪುತ್ತಿತ್ತು. ಅರ್ಜಿದಾರನ ಅಂಕಿ ಕೇಳಿ ಸಾಲಿನಲ್ಲಿದ್ದ ಅಜ್ಜಿಯೊಬ್ಬರು “ಅಯ್ಯೋ ಪಾಪ” ಎಂದರು.

“ಈ ಮೆಷಿನ್ನು ಸರಿಯಿಲ್ಲ ಕಣಣ್ಣ” ಎಂದನು ಅರ್ಜಿದಾರ.

“ಏನಂದ್ರಿ?”

“ಮೆಷಿನ್ನು! ಜಾಸ್ತಿ ತೋರಿಸ್ತಿದೆ!”

ತಕ್ಕಡಿಯಣ್ಣ ಕನ್ನಡಕ ಹಣೆಗೇರಿಸಿ ನೋಡಿದರು. “ನಿಮ್ಮ ಕಿಟಕಿ ಹತ್ರ ಬರೋರೆಲ್ಲ ಇದನ್ನೇ ಹೇಳ್ತಾರಲ್ವಾ, ಮೀಟರು ಜಾಸ್ತಿ ತೋರಿಸ್ತಿದೆ ಅಂತ? ನೀವು ಅವರಿಗೆ ಏನ್ ಹೇಳ್ತೀರಿ?”

“ಮೀಟರು ಸುಳ್ಳು ಹೇಳಲ್ಲ ಅಂತೀನಿ.”

“ಹಂಗಾದ್ರೆ ಇಳೀರಿ. ಮುಂದಿನವರು ಬನ್ನಿ.”

ಅರ್ಜಿದಾರನ ಅಂಕಿಯನ್ನು ಇಲ್ಲಿ ನಮೂದಿಸಿಲ್ಲ. ಅದನ್ನು ಸೂಚನಾ ಫಲಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಹಾಕಿದ್ದರಿಂದ ಕಚೇರಿಯ ಗಮನಕ್ಕೆ ಈಗಾಗಲೇ ಬಂದಿದೆ.

೩. ಡಾಕ್ಟ್ರಮ್ಮನ ಮಾತಿನಿಂದ ಆಗದ ಕೆಲಸ ಆ ಕೆಂಪು ಶಾಯಿಯಿಂದ ಆಯಿತು. ಅವಮಾನವು ಮನುಷ್ಯನನ್ನು ಚುರುಕಾಗಿಸುತ್ತದೆ ಎಂಬ ತಮ್ಮ ನಂಬಿಕೆ ಆ ಮಟ್ಟಿಗೆ ಸರಿ. ಅಂದು ಸಂಜೆ ಅರ್ಜಿದಾರನು ಮನೆಗೆ ಹೋದವನೇ ಅಡುಗೆಮನೆಯ ಕಪಾಟು ತೆರೆದು ಬಿಸ್ಕತ್ತು, ಚಿಪ್ಸು, ನೂಡಲ್ಸು, ಜಾಮು, ಸಾಸು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬತೊಡಗಿದನು.

ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡಿದಳು. “ಡಾಕ್ಟ್ರಮ್ಮ ಕಮ್ಮಿ ಮಾಡಿ ಅಂದ್ರು. ಗಡಿಪಾರು ಮಾಡಿ ಅಂದ್ರಾ?”

“ಅರ್ಧಂಬರ್ಧ ಮಾಡೋದು ನನ್ನ ಜಾಯಮಾನ ಅಲ್ಲ ಕಣೇ.”

“ಇಷ್ಟು ವರ್ಷ ನಿಮ್ಮ ಆಫೀಸಲ್ಲಿ ಅರ್ಧಂಬರ್ಧ ಬಿಟ್ಟು ಬೇರೇನು ಮಾಡಿದೀರಿ, ರೀ?”

ಅರ್ಜಿದಾರನು ಗೋಣಿಚೀಲದ ಬಾಯಿ ಕಟ್ಟಿದನು. ಮರುದಿನ ಮನೆಗೂ ಒಂದು ತೂಕದ ಯಂತ್ರ ತಂದು ಬಚ್ಚಲಮನೆಯ ಬಾಗಿಲಲ್ಲಿಟ್ಟನು. ಅದನ್ನು ಹತ್ತದೆ ಯಾರೂ ಸ್ನಾನಕ್ಕೆ ಹೋಗುವಂತಿರಲಿಲ್ಲ. ಊಟಕ್ಕೆ ಬೇಯಿಸಿದ ಸೊಪ್ಪು, ಬೇಯಿಸಿದ ಎಲೆಕೋಸು ಮತ್ತು ಅವೆರಡನ್ನು ಬೇಯಿಸಿದ ನೀರು. ಅಂಗಡಿಗೆ ಹೋದರೆ ಪೊಟ್ಟಣಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಬೇರೆ ಗಿರಾಕಿಗಳನ್ನೂ ಹೆದರಿಸುತ್ತಿದ್ದನು. ಅಂಗಡಿಯವನು ದೂರದಿಂದಲೇ ಇವನನ್ನು ಕಂಡು “ಸಾರ್, ತರಕಾರಿ ಆ ಕಡೆ” ಎಂದು ಕೈತೋರಿಸುವಷ್ಟಾಯಿತು.

ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬಕ್ಕೆ ಹೋದಾಗಿನ ಸಂಗತಿಯನ್ನು ಬಿಟ್ಟುಬಿಡಬಹುದಾಗಿತ್ತು. ಆದರೆ ಮುಂದಿನದಕ್ಕೆಲ್ಲ ಅದೇ ಬುಡವಾದ್ದರಿಂದ ಬರೆಯಲಾಗಿದೆ. ಮಗಳು ಕೇಕಿನ ತಟ್ಟೆ ಹಿಡಿದು ಮೊದಲ ತುಂಡು ಬಾಯಿಗಿಡುವುದರಲ್ಲಿದ್ದಳು. ಅರ್ಜಿದಾರನು ಎಲ್ಲರೆದುರು, ತಮಾಷೆಯ ದನಿಯಲ್ಲೇ ಹೇಳಿದನು: “ನೋಡ್ಕೊಂಡು ತಿನ್ನು ಬನ್ನು. ಅಪ್ಪನ ಥರ ಆದ್ರೆ ನಿನ್ನ ಅಂಕಿನೂ ಗೋಡೆಗೆ ಹಾಕ್ತಾರೆ.”

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಆಮೇಲೆ ಸದ್ದಿಲ್ಲದೆ ತಟ್ಟೆಯನ್ನು ಕುರ್ಚಿಯ ಕೆಳಗೆ ಸರಿಸಿದಳು. ಅರ್ಜಿದಾರನು ಅದನ್ನು ಕಂಡನು. ಕಂಡು, ಹುಡುಗಿಗೆ ಎಷ್ಟು ಶಿಸ್ತು ಎಂದು ಒಳಗೊಳಗೇ ಬೀಗಿದನು.

೪. ಅರ್ಜಿದಾರನ ತೂಕ ಇಳಿಯಿತು. ತಕ್ಕಡಿಯಣ್ಣನ ದನಿಯಲ್ಲಿ ಮೊದಲು ಆಶ್ಚರ್ಯ, ಆಮೇಲೆ ಗೌರವ ಕೇಳಿಸತೊಡಗಿತು. ತಾವು ಸಂತೋಷಪಟ್ಟು ಅರ್ಜಿದಾರನನ್ನು ‘ಮಾದರಿ ನೌಕರ’ ಎಂದು ಘೋಷಿಸಿ, ಅವನ ಎರಡು ಭಾವಚಿತ್ರಗಳನ್ನು ಆಳೆತ್ತರಕ್ಕೆ ಮುದ್ರಿಸಿ ಎರಡನೆಯ ಮಹಡಿಯ ಗೋಡೆಗೆ ಹಾಕಿಸಿದಿರಿ. ‘ಮೊದಲು’ ಎಂಬ ಚಿತ್ರದಲ್ಲಿ ಅರ್ಜಿದಾರನು ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾನೆ. ‘ನಂತರ’ ಎಂಬ ಚಿತ್ರದಲ್ಲಿ ಕಳೆದುಹೋದ ಕಡತಕ್ಕೆ ಹೊಣೆಯಾದವನಂತೆ ನಿಂತಿದ್ದಾನೆ. ಸಾರ್ವಜನಿಕರಲ್ಲಿ ಕೆಲವರು ಎರಡನೆಯದನ್ನು ಮೊದಲಿನದೆಂದು ತಿಳಿದು, “ಈಗ ಎಷ್ಟು ಲಕ್ಷಣವಾಗಿದೀರಿ ಸಾರ್” ಎಂದು ತಪ್ಪು ಚಿತ್ರ ತೋರಿಸಿ ಹೊಗಳಿದ ನಿದರ್ಶನಗಳಿವೆ.

ಬಿರುದಿನ ಜೊತೆಗೆ ಭಾಷಣವೂ ಬಂತು. ಶಾಖಾ ಕಚೇರಿಗಳಿಗೆ ಹೋಗಿ, ವೇದಿಕೆ ಹತ್ತಿ, “ಮನಸ್ಸು ಗಟ್ಟಿ ಮಾಡಿದರೆ ನಾಲಿಗೆ ನಮ್ಮ ಮಾತು ಕೇಳುತ್ತದೆ” ಎನ್ನುವುದು ಅರ್ಜಿದಾರನ ಹೆಚ್ಚುವರಿ ಕರ್ತವ್ಯವಾಯಿತು.

ನಾಲಿಗೆ ಮಾತು ಕೇಳುತ್ತಿತ್ತೇ? ತಮ್ಮ ಸಮಿತಿ ಇದನ್ನು ಎಂದೂ ಕೇಳಿಲ್ಲವಾದ್ದರಿಂದ ಅರ್ಜಿದಾರನೇ ಸ್ವಯಂಪ್ರೇರಿತನಾಗಿ ತಿಳಿಸುತ್ತಿದ್ದಾನೆ: ಇಲ್ಲ. ಲೆಕ್ಕಪತ್ರ ವಿಭಾಗದವರೊಬ್ಬರ ನಿವೃತ್ತಿಯ ದಿನ ಎಲ್ಲರೂ ಕೇಕು ತಿನ್ನುವಾಗ ಅರ್ಜಿದಾರನು ಒಂದು ಬದಿಗೆ ನಿಂತು ಸೌತೆಕಾಯಿ ಅಗಿದನು. ತಾವು ಅವನನ್ನು ತೋರಿಸಿ “ನೋಡಿ, ಇದು ಸಂಯಮ” ಎಂದಿರಿ. ಎಲ್ಲರೂ ಹೋದ ಮೇಲೆ ಅರ್ಜಿದಾರನು ಸಭಾಂಗಣಕ್ಕೆ ವಾಪಸಾಗಿ, ಉಳಿದಿದ್ದ ಕೇಕನ್ನು ರಟ್ಟಿನ ಡಬ್ಬಿಯಿಂದಲೇ, ಚಮಚ ಸಿಗದ ಕಾರಣ ಗೆರೆ ಎಳೆಯುವ ಉಕ್ಕಿನ ಪಟ್ಟಿಯಿಂದ ಬಗೆದು ಬಗೆದು ನಿಂತಲ್ಲೇ ಮುಗಿಸಿದನು. ರುಚಿ ಆಗಲೂ ತಿಳಿಯಲಿಲ್ಲ. ಕಿವಿಯೆಲ್ಲ ಬಾಗಿಲ ಕಡೆಗಿತ್ತು. ಪಟ್ಟಿಯನ್ನು ತೊಳೆದು ಒರೆಸಿ ಮೇಜಿನ ಮೇಲಿಟ್ಟು, ಮರುದಿನದಿಂದ ಪ್ರಾಯಶ್ಚಿತ್ತವಾಗಿ ಸೊಪ್ಪಿನ ನೀರನ್ನಷ್ಟೇ ಕುಡಿದನು. ಮುಂದಿನ ವಾರದ ಅಂಕಿ ಇನ್ನೂ ಇಳಿದಿತ್ತು. ಚಪ್ಪಾಳೆ ಬಿತ್ತು.

೫. ಇನ್ನು ಮಗಳ ವಿಚಾರ.

ಅರ್ಜಿದಾರನು ಶಾಖಾ ಕಚೇರಿಯೊಂದರ ವೇದಿಕೆಯ ಮೇಲೆ ನಿಂತು ನಾಲಿಗೆಯ ಬಗ್ಗೆ ಮಾತನಾಡುತ್ತಿದ್ದಾಗ ಜೇಬಿನಲ್ಲಿ ಫೋನು ಅದುರಿತು. ಶಾಲೆಯ ಆಟದ ಮೇಷ್ಟ್ರು.

“ಸಾರ್, ಗಾಬರಿ ಆಗ್ಬೇಡಿ. ಮಗಳು ರಿಲೇ ಪ್ರಾಕ್ಟೀಸಲ್ಲಿ ತಲೆತಿರುಗಿ ಬಿದ್ದಳು. ಈಗ ಎದ್ದು ಕೂತಿದಾಳೆ. ಬನ್ನಿ.”

ಅರ್ಜಿದಾರನು ಭಾಷಣವನ್ನು ಅರ್ಧಕ್ಕೇ ಬಿಟ್ಟು ಹೊರಟನು. ಹೋಗಿ ನೋಡಿದರೆ ಹೆಂಡತಿ ಅಂಗಡಿಯ ಬಿಳಿ ಕೋಟಿನಲ್ಲೇ ಓಡಿ ಬಂದು, ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬಿಸಿಲಲ್ಲಿ ಓಡಿದ ಹುಡುಗಿಯ ಮುಖ ಸುಣ್ಣ ಬಳಿದಂತಿತ್ತು. ಮೇಷ್ಟ್ರು ಅರ್ಜಿದಾರನನ್ನು ಪಕ್ಕಕ್ಕೆ ಕರೆದರು.

“ಬೆಳಗ್ಗೆಯಿಂದ ಏನೂ ತಿಂದಿಲ್ವಂತೆ. ಮಧ್ಯಾಹ್ನದ ಡಬ್ಬಿ ದಿನಾ ಗೆಳತಿಗೆ ಕೊಡ್ತಾಳಂತೆ. ಆ ಹುಡುಗಿ ಅಳ್ತಾ ಹೇಳಿದ್ಲು. ಮನೇಲಿ ನಿಮಗೆ ಗೊತ್ತಾಗ್ಲಿಲ್ವಾ ಸಾರ್?”

ಮನೆಯಲ್ಲಿ ಎಲ್ಲರನ್ನೂ ದಿನಾ ತೂಗುತ್ತಿದ್ದ ಅರ್ಜಿದಾರನಿಗೆ ಗೊತ್ತಾಗಿರಲಿಲ್ಲ. ಅಂಕಿ ಇಳಿಯುತ್ತಿರುವುದನ್ನು ಅವನು ನೋಡಿದ್ದನು. ನೋಡಿ ಬೆನ್ನು ತಟ್ಟಿದ್ದನು.

ಅವನು ಬೆಂಚಿನ ಹತ್ತಿರ ಮೊಣಕಾಲೂರಿ ಕುಳಿತನು. ಮಗಳು ಕಣ್ಣು ತೆರೆದು ನೋಡಿದಳು. ಬೈಯುತ್ತಾನೆಂದುಕೊಂಡಿರಬೇಕು, ಮೊದಲು ಹೆದರಿದಳು. ಆಮೇಲೆ ಮೆಲ್ಲಗೆ, ಬಹುಮಾನ ತೋರಿಸುವವಳ ಹಾಗೆ ಹೇಳಿದಳು:

“ಅಪ್ಪ, ನಾನೂ ಇಳಿದಿದೀನಿ. ನಿನಗಿಂತ ಬೇಗ.”

ಈ ಮಾತಿಗೆ ಅರ್ಜಿದಾರನ ಬಳಿ ಅಂದೂ ವಿವರಣೆ ಇರಲಿಲ್ಲ, ಇಂದೂ ಇಲ್ಲ. ನೋಟಿಸಿನಲ್ಲಿ ಇದನ್ನು ಕೇಳಿಲ್ಲವಾದ್ದರಿಂದ ಮುಂದಕ್ಕೆ ಹೋಗಲಾಗಿದೆ.

೬. ಡಾಕ್ಟ್ರಮ್ಮ ಮಗಳನ್ನು ಪರೀಕ್ಷಿಸಿ, ಅವಳನ್ನು ಹೊರಗೆ ಕೂರಿಸಿ, ಅರ್ಜಿದಾರನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಆ ಕೋಣೆಯಲ್ಲಿ ಅವನು ಬೈಸಿಕೊಂಡ ಹಾಗೆ ದೂರು ವಿಭಾಗದಲ್ಲಿ ಇಷ್ಟು ವರ್ಷವೂ ಬೈಸಿಕೊಂಡಿರಲಿಲ್ಲ. ಇಲ್ಲಿ ಕೈಗೆ ಬಿಸ್ಕತ್ತೂ ಇರಲಿಲ್ಲ.

“ಬೆಳೆಯೋ ಮಗು ರೀ ಅದು! ಅದರ ತೂಕ ಅದರ ವಯಸ್ಸಿಗೆ ಸರಿಯಾಗೇ ಇತ್ತು. ನಿಮಗೆ ನಾನು ಏನ್ ಹೇಳಿದ್ದೆ?”

“ಕಮ್ಮಿ ಮಾಡಿ ಅಂದ್ರಿ ಮೇಡಂ.”

“ಕಮ್ಮಿ ಅನ್ನೋ ಪದಕ್ಕೆ ನಿಮ್ಮ ಆಫೀಸಲ್ಲಿ ಬೇರೆ ಅರ್ಥ ಇದ್ಯಾ?”

ಆಮೇಲೆ ಸಮಾಧಾನವಾಗಿ, ಮಕ್ಕಳೊಂದಿಗೆ ಮಾತನಾಡುವ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಕಳಿಸಿದರು. ಹೊರಡುವಾಗ ಇಷ್ಟು ಹೇಳಿದರು: “ಅವಳಿಗೆ ಉಪದೇಶ ಮಾಡ್ಬೇಡಿ. ಅವಳು ನಿಮ್ಮ ಮಾತು ಕೇಳ್ತಿಲ್ಲ. ನಿಮ್ಮನ್ನ ನೋಡ್ತಿದಾಳೆ.”

೭. ಉಲ್ಲೇಖ (೩)ರ ಆದೇಶ ಹೊರಬಿದ್ದದ್ದು ಅಂದು ಮನೆ ಸೇರಿದ ಮೇಲೆ. ಹೆಂಡತಿ ಮೊದಲು ತೂಕದ ಯಂತ್ರವನ್ನು ಬಚ್ಚಲಮನೆಯ ಬಾಗಿಲಿಂದ ಎತ್ತಿ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದ ಗುಜರಿಯವನಿಗೆ ಕೊಟ್ಟಳು. ಅವನು ಅದನ್ನು ತನ್ನ ತಕ್ಕಡಿಯಲ್ಲಿಟ್ಟು ತೂಗಿದನು. ಹೆಂಡತಿಗೆ ಅಷ್ಟು ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ. ನಕ್ಕು ಒಳಗೆ ಬಂದವಳು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಅತ್ತಳು. ಅರ್ಜಿದಾರನು ಹಿಂದೆ ಹೋಗಿ ನಿಂತನು.

ಅವಳೇ ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದಳು. “ಇನ್ಮೇಲೆ ನೀವು ಅವಳ ಎದುರಿಗೆ ತಿನ್ಬೇಕು.”

“ತಿಂತೀನಲ್ಲ, ಸೊಪ್ಪು...”

“ಸೊಪ್ಪೂ ತಿನ್ನಿ, ಚಿಪ್ಸೂ ತಿನ್ನಿ. ಕದ್ದು ಮುಚ್ಚಿ ಅಲ್ಲ. ಬಾಯಿಗೆ ಸುರ್ಕೊಂಡೂ ಅಲ್ಲ. ಮನುಷ್ಯರು ತಿನ್ನೋ ಹಾಗೆ. ನಿಮಗೆ ನೆನಪಿದೆಯೋ ಇಲ್ವೋ.”

ನೆನಪಿರಲಿಲ್ಲ. ಇದನ್ನು ತಾವು ನಂಬುವುದು ಕಷ್ಟ. ಆದರೆ ಪೊಟ್ಟಣ ಪೂರ್ತಿ ಮುಗಿಸುವುದು ಅರ್ಜಿದಾರನಿಗೆ ಗೊತ್ತಿತ್ತು, ಪೊಟ್ಟಣವನ್ನೇ ಮುಟ್ಟದಿರುವುದೂ ಗೊತ್ತಿತ್ತು. ನಡುವೆ ಇನ್ನೊಂದು ದಾರಿ ಇದೆಯೆಂಬುದನ್ನು ಅವನು ಎಂದೂ ನಡೆದು ನೋಡಿರಲಿಲ್ಲ.

ಮೊದಲ ಸಲ ಊಟ ಮುಗಿದ ಮೇಲೆ ಹೆಂಡತಿ ಟಿವಿ ಆರಿಸಿ, ಸಣ್ಣದೊಂದು ಚಿಪ್ಸ್ ಪೊಟ್ಟಣ ತೆರೆದು ಬಟ್ಟಲಿಗೆ ಸುರಿದು ಮೇಜಿನ ನಡುವೆ ಇಟ್ಟಳು. ಮೂವರೂ ಬಾಂಬು ನಿಷ್ಕ್ರಿಯಗೊಳಿಸಲು ಬಂದವರಂತೆ ಸುತ್ತ ಕುಳಿತರು. ಹೆಂಡತಿ ಒಂದು ತೆಗೆದುಕೊಂಡು ನಿರಾಳವಾಗಿ ತಿಂದಳು. ಮಗಳು ಬಟ್ಟಲನ್ನು ನೋಡಲಿಲ್ಲ, ಅಪ್ಪನನ್ನೇ ನೋಡುತ್ತಿದ್ದಳು. ಮಾದರಿ ನೌಕರನು ಬಟ್ಟಲಿಗೆ ಕೈ ಹಾಕಿದನು. ಒಂದು ಚಿಪ್ಸ್ ಹಿಡಿದು, ಬಾಯಿಗಿಟ್ಟು, ಹಿಂದಿನಿಂದ ಇನ್ನೊಂದನ್ನು ತಳ್ಳದೆ, ಅದೊಂದನ್ನೇ ಅಗಿದನು. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಗಮನಕ್ಕೆ ಬಂದ ಅಂಶವೇನೆಂದರೆ...

“ಥೂ, ಇದೇನೇ ಇಷ್ಟು ಉಪ್ಪು!”

ಮಗಳು ಫಕ್ಕನೆ ನಕ್ಕಳು. “ಇಷ್ಟು ದಿನ ಗೊತ್ತಿರ್ಲಿಲ್ವಾ ಅಪ್ಪ?”

“ಇಲ್ಲ ಕಣೇ. ಯಾರೂ ಹೇಳಲೇ ಇಲ್ಲ.”

ಅವಳು ಅಂದು ತಿನ್ನಲಿಲ್ಲ. ಒಂದು ಚಿಪ್ಸಿನಿಂದ ಎಲ್ಲ ಸರಿಹೋಯಿತೆಂದು ಬರೆದಿದ್ದರೆ ಈ ಅರ್ಜಿಗೆ ಶೋಭೆ ಬರುತ್ತಿತ್ತು. ಆದರೆ ಸುಳ್ಳು ಹೇಳಿಕೆ ಶಿಕ್ಷಾರ್ಹ. ಬಹಳ ಕಾಲ ಹಿಡಿಯಿತು. ತಟ್ಟೆಯ ಮುಂದೆ ಕುಳಿತು ಅನ್ನವನ್ನು ಬೆರಳಿನಿಂದ ಆ ಕಡೆ ಈ ಕಡೆ ಸರಿಸುತ್ತಾ “ಇದರಲ್ಲಿ ಎಷ್ಟು ಕ್ಯಾಲೊರಿ ಇರುತ್ತೆ?” ಎಂದು ಕೇಳುತ್ತಿದ್ದಳು. ಹೆಂಡತಿ “ಒಂದು ಹೊಟ್ಟೆಗಾಗುವಷ್ಟಿರುತ್ತೆ” ಎನ್ನುತ್ತಿದ್ದಳು. ಕೆಲವು ದಿನ ಅಳು, ಕೆಲವು ದಿನ ಬಾಗಿಲು ಧಡಾರನೆ ಹಾಕಿಕೊಳ್ಳುವುದು. ಅರ್ಜಿದಾರನು ಪ್ರತಿದಿನ ಅವಳ ಎದುರು ಕುಳಿತು ಅವಳು ತಿನ್ನುವುದನ್ನೇ ತಿಂದನು. ಒಳ್ಳೆಯ ತಿಂಡಿ, ಕೆಟ್ಟ ತಿಂಡಿ ಎಂಬ ಮಾತು ಆ ಮನೆಯಿಂದ ಹೊರಟುಹೋಯಿತು. ಹೊಟ್ಟೆ ತುಂಬ ಊಟ ಮೊದಲು. ಚಿಪ್ಸೋ ಬಿಸ್ಕತ್ತೋ ಆಮೇಲೆ, ಯಾವಾಗಲಾದರೊಮ್ಮೆ, ಬಟ್ಟಲಿಗೆ ಹಾಕಿಕೊಂಡು, ಕುಳಿತುಕೊಂಡು, ರುಚಿ ನೋಡಿಕೊಂಡು. ಉಳಿದ ಪೊಟ್ಟಣದ ಬಾಯಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಪೊಟ್ಟಣದಲ್ಲಿ ಏನಾದರೂ ಉಳಿಯುತ್ತದೆ ಎಂಬುದೇ ಆ ಕುಟುಂಬಕ್ಕೆ ಹೊಸ ಸುದ್ದಿಯಾಗಿತ್ತು.

ಕಚೇರಿಯಲ್ಲಿಯೂ ಅರ್ಜಿದಾರನು ಇದನ್ನೇ ಪಾಲಿಸುತ್ತಿದ್ದಾನೆ. ದೂರುದಾರರು ಎದ್ದು ಹೋದ ಮೇಲೆ, ಚಹಾದ ಜೊತೆ, ಎರಡು ಬಿಸ್ಕತ್ತು. ದೂರು ಕೇಳುವಾಗ ಕೈ ಮೇಜಿನ ಮೇಲಿರುತ್ತದೆ. ಪರಿಣಾಮವಾಗಿ ಅವನು ಈಗ ದೂರುಗಳನ್ನು ನಿಜವಾಗಿ ಕೇಳಿಸಿಕೊಳ್ಳುತ್ತಿದ್ದು, ಅವುಗಳಲ್ಲಿ ಹಲವು ನ್ಯಾಯವಾದವು ಎಂದು ಕಂಡುಬಂದಿದೆ. ಇದು ಪ್ರತ್ಯೇಕ ವಿಷಯವಾದ್ದರಿಂದ ಪ್ರತ್ಯೇಕ ಟಿಪ್ಪಣಿ ಸಲ್ಲಿಸಲಾಗುವುದು.

ತೂಕ ಸ್ವಲ್ಪ ಏರಿ, ಅಲ್ಲೇ ನಿಂತಿದೆ. ಮೊಣಕಾಲು ಸುಮ್ಮನಿದೆ. ಡಾಕ್ಟ್ರಮ್ಮ “ಇದನ್ನೇ ನಾನು ಮೊದಲು ಹೇಳಿದ್ದು” ಎಂದಿದ್ದಾರೆ.

೮. ಈಗ ನೋಟಿಸಿನ ದಿನಕ್ಕೆ ಬರೋಣ. ಅಂದು ಆಪ್ತಸಮಾಲೋಚಕಿಯವರನ್ನು ಕಂಡು ಅರ್ಜಿದಾರನು ಮಗಳೊಂದಿಗೆ ನಡೆದುಕೊಂಡು ಬರುತ್ತಿದ್ದನು. ಕಚೇರಿಯ ಗೇಟಿನ ಎದುರಿನ ಗೂಡಂಗಡಿಯ ಮುಂದೆ ಮಗಳು ನಿಂತಳು. ಅಲ್ಲಿ ನೇತುಹಾಕಿದ್ದ ಪೊಟ್ಟಣಗಳ ಸರವನ್ನು ನೋಡುತ್ತಾ ಹೇಳಿದಳು:

“ಅಪ್ಪ, ಚಿಪ್ಸ್ ತಿನ್ನೋಣ್ವಾ?”

ಬಿದ್ದ ದಿನದಿಂದ ಅಲ್ಲಿಯವರೆಗೆ ಅವಳು ತಾನಾಗಿ ಯಾವ ತಿಂಡಿಯನ್ನೂ ಕೇಳಿರಲಿಲ್ಲ. ಅರ್ಜಿದಾರನಿಗೆ ಆ ಗೂಡಂಗಡಿಯನ್ನೇ ಹೊತ್ತುಕೊಂಡು ಮನೆಗೆ ಹೋಗುವಷ್ಟು ಖುಷಿಯಾಯಿತು. ಆದರೆ ಹಾಗೆ ಮಾಡುವುದು ಹಳೆಯ ಅರ್ಜಿದಾರನ ಲಕ್ಷಣ. ಒಂದು ಸಣ್ಣ ಪೊಟ್ಟಣ ಕೊಂಡನು. ಕೊಂಡ ಮೇಲೆ ನೋಡಿದರೆ ಗೇಟಿನಲ್ಲಿ ತೂಕ ಇಳಿಕೆ ಅಭಿಯಾನದ ಬ್ಯಾನರು, ಅದರಲ್ಲಿ ಸೌತೆಕಾಯಿ ಹಿಡಿದ ಅರ್ಜಿದಾರನೇ.

“ಬನ್ನು, ಆ ತಿರುವು ದಾಟಿ ಕೂತ್ಕೊಳ್ಳೋಣ ಬಾ” ಎಂದನು.

“ಯಾಕೆ? ಕದ್ದು ತಿನ್ಬೇಕಾ?”

ಹುಡುಗಿಯ ಮುಖ ಆಗಲೇ ಬಾಡತೊಡಗಿತ್ತು. ಪೊಟ್ಟಣವನ್ನು ಅಂಗಡಿಗೆ ವಾಪಸು ಕೊಡಲು ಕೈ ಚಾಚುತ್ತಿದ್ದಳು. ಗೇಟಿನೊಳಗೆ ತಕ್ಕಡಿಯಣ್ಣ ನಿಂತಿರುವುದೂ, ಅವರ ಕೈಯಲ್ಲಿ ಫೋನಿರುವುದೂ ಅರ್ಜಿದಾರನಿಗೆ ಚೆನ್ನಾಗಿ ಕಾಣುತ್ತಿತ್ತು. ಮುಂದೇನಾಗುತ್ತದೆಂದೂ ಗೊತ್ತಿತ್ತು. ಆದರೂ ಅವನು ಬ್ಯಾನರಿನ ನೇರ ಕೆಳಗಿನ ಕಟ್ಟೆಯ ಮೇಲೆ ಕುಳಿತು, ಪಕ್ಕದಲ್ಲಿ ಕರವಸ್ತ್ರ ಹಾಸಿ ಮಗಳಿಗೆ ಜಾಗ ಮಾಡಿಕೊಟ್ಟನು. “ಇಲ್ಲ, ಇಲ್ಲೇ ತಿನ್ನೋಣ” ಎಂದನು.

ಅವಳು ತಿಂದಳು. ಒಂದು, ಆಮೇಲೆ ಇನ್ನೊಂದು. ಬಾಯಿ ತುಂಬಿಕೊಂಡು ಬ್ಯಾನರು ನೋಡಿ, “ಅಪ್ಪ, ಅದರಲ್ಲಿ ನೀನು ಸೌತೆಕಾಯಿನ ಮೈಕ್ ಹಿಡ್ಕೊಂಡ ಹಾಗೆ ಹಿಡ್ಕೊಂಡಿದೀಯ” ಎಂದಳು. ಇಬ್ಬರೂ ನಕ್ಕರು. ತಕ್ಕಡಿಯಣ್ಣ ಫೋಟೋ ತೆಗೆದದ್ದು ಆ ಕ್ಷಣದಲ್ಲಿ. ‘ನಗುನಗುತ್ತಾ’ ಎಂಬ ಆರೋಪವನ್ನು ಅರ್ಜಿದಾರನು ಒಪ್ಪಿಕೊಂಡಿರುವುದು ಈ ಕಾರಣದಿಂದ.

೯. ನೋಟಿಸಿನ ನಿರ್ದಿಷ್ಟ ಪ್ರಶ್ನೆಗಳಿಗೆ ಉತ್ತರ:

ತಿಂದ ಪ್ರಮಾಣ: ಸಣ್ಣ ಪೊಟ್ಟಣ, ಇಬ್ಬರ ನಡುವೆ. ಹೆಚ್ಚಿನ ಪಾಲು ಮಗಳದು, ದೇವರ ದಯೆ.

ಪಶ್ಚಾತ್ತಾಪವಿದೆಯೇ: ಇದೆ. ಚಿಪ್ಸಿನ ಬಗ್ಗೆ ಅಲ್ಲ.

ಇಂಥ ಕೃತ್ಯ ಮರುಕಳಿಸುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಲು ಸಿದ್ಧನೇ: ಇಲ್ಲ. ಮುಂದಿನ ವಾರ ಮರುಕಳಿಸುವ ಸಂಭವವಿದೆ.

ಅಭಿಯಾನಕ್ಕೆ ಉಂಟಾದ ಕಳಂಕದ ಕಾರಣ ಅರ್ಜಿದಾರನನ್ನು ದೂರದ ಶಾಖೆಗೆ ಏಕೆ ವರ್ಗಾಯಿಸಬಾರದೆಂದು ಕೇಳಿದ್ದೀರಿ. ವರ್ಗಾಯಿಸಬಹುದು. ಬೇಸರವಾಗುತ್ತದೆ, ಮಗಳ ಶಾಲೆ, ಹೆಂಡತಿಯ ಅಂಗಡಿ ಇಲ್ಲೇ ಇವೆ. ಆದರೆ ಮಗಳನ್ನು ತಿರುವು ದಾಟಿಸಿ ಕದ್ದು ತಿನ್ನಿಸುವುದಕ್ಕಿಂತ ಅದು ಸುಲಭ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯಮಾಡಿ

(ಅ) ಅರ್ಜಿದಾರನನ್ನು ‘ಮಾದರಿ ನೌಕರ’ ಹುದ್ದೆಯಿಂದ ಇಳಿಸಿ ಬರಿಯ ನೌಕರನನ್ನಾಗಿ ಮಾಡಬೇಕೆಂದು,

(ಆ) ಎರಡೂ ಭಾವಚಿತ್ರಗಳನ್ನು ತೆಗೆಸಿ, ಆ ಜಾಗದಲ್ಲಿ ಗೋಡೆಯ ಹಿಂದಿನ ಸೋರುವ ಕೊಳವೆಯನ್ನು ಸರಿಪಡಿಸಬೇಕೆಂದು (ನಮ್ಮದು ನೀರಿನ ಕಚೇರಿ),

(ಇ) ತೂಕದ ಯಂತ್ರವನ್ನು ಬಾಗಿಲಿರುವ ಕೋಣೆಯೊಂದಕ್ಕೆ ಸಾಗಿಸಿ, ಬೇಕಾದವರು ಮಾತ್ರ ಹತ್ತಬೇಕೆಂದೂ, ಅಂಕಿಯನ್ನು ತಕ್ಕಡಿಯಣ್ಣ ಮನಸ್ಸಿನಲ್ಲೇ ಓದಿಕೊಳ್ಳಬೇಕೆಂದೂ ಆದೇಶಿಸಬೇಕೆಂದು,

(ಈ) ಸುತ್ತೋಲೆಯಲ್ಲಿ ತಿಂಡಿಗೆ ‘ನಿಷೇಧ’ ಎಂದಿರುವ ಕಡೆಗಳಲ್ಲೆಲ್ಲ ‘ಮಿತ’ ಎಂದು ತಿದ್ದಬೇಕೆಂದು

ಕೋರಲಾಗಿದೆ. ಕೊನೆಯದೊಂದನ್ನು ಮಾಡಿದರೂ ಸಾಕು. ಉಳಿದವು ತಾವಾಗಿಯೇ ಆಗುತ್ತವೆ.

ತಮ್ಮ ಮೇಲೆ ಇನ್ನೂ ವಿಶ್ವಾಸ ಕಳೆದುಕೊಳ್ಳದ,
ಹಿರಿಯ ಗುಮಾಸ್ತ, ದೂರು ವಿಭಾಗ
(ಈ ಬಾರಿ ದೂರುದಾರ)

ಅಡಕಗಳು:
೧. ಡಾಕ್ಟ್ರಮ್ಮನವರ ಪತ್ರ (ಅರ್ಜಿದಾರನನ್ನು ಬೈದ ಭಾಗವನ್ನು ಅವರೇ ಕೈಬಿಟ್ಟಿದ್ದಾರೆ).
೨. ಅರ್ಜಿದಾರನ ಹೆಂಡತಿಯ ಮೌಖಿಕ ಆದೇಶದ ಪ್ರತಿ ಲಭ್ಯವಿಲ್ಲ. ಅಗತ್ಯವಿದ್ದಲ್ಲಿ ಅವಳು ಖುದ್ದಾಗಿ ಬಂದು ಇನ್ನೊಮ್ಮೆ ಹೇಳಲು ಸಿದ್ಧಳಿದ್ದಾಳೆ.

ವಿಶೇಷ ಸೂಚನೆ: ತಾವು ಈಚೆಗೆ ಮಧ್ಯಾಹ್ನದ ಊಟವನ್ನು ಸಂಪೂರ್ಣ ಬಿಟ್ಟಿದ್ದೀರೆಂದೂ, ಕಾರಣ ಕೇಳುವ ನೋಟಿಸುಗಳೆಲ್ಲ ಆ ಹೊತ್ತಿನಲ್ಲೇ ಸಹಿಯಾಗುತ್ತವೆಂದೂ ತಮ್ಮ ಕೋಣೆಯ ಸಹಾಯಕರಿಂದ ತಿಳಿದುಬಂದಿದೆ. ಆದ್ದರಿಂದ ಈ ಅರ್ಜಿಯನ್ನು ತಾವು ಊಟ ಮಾಡಿದ ನಂತರ ಓದಬೇಕಾಗಿ ವಿನಂತಿ. ಇದನ್ನು ಮೊದಲೇ ಬರೆಯಬೇಕಾಗಿತ್ತು, ಮರೆತುಹೋಯಿತು; ಈಗಾಗಲೇ ಓದಿ ಮುಗಿಸಿದ್ದಲ್ಲಿ, ದಯಮಾಡಿ ಏನಾದರೂ ತಿಂದು, ಇನ್ನೊಮ್ಮೆ ಓದಬೇಕಾಗಿ ಪ್ರಾರ್ಥನೆ.